ಓಡಲಿ ಬಿಡು

ಕ್ಲೇರ್ ಸೀಮೆ, ಫೆಬ್ರವರಿ, ಮೋಡ.
ಪೆಗೀನ್ ಹೆಹಿರ್ ಮನೆ ಹಿತ್ತಲಲ್ಲಿ ನಿಂತೇ ಸತ್ತ ಆ್ಯಶ್ ಮರ.
ಅದರಡಿ ಗಾಜಿನ ಮನೆ, ಒಳಗೆ ಟೊಮೆಟೊ ಸಸಿ,
ಇನ್ನೂ ಎರಡೆಲೆ.

ಹತ್ತುವ ಮೊದಲು ಸೊರ್ಖಾ ಮರವನ್ನು ಮಾತಾಡಿಸುತ್ತಾಳೆ:
ಸುತ್ತಿಗೆಯಿಂದ ಬುಡಕ್ಕೆ ಟಕ್,
ಒಂದು ಮೊಳ ಮೇಲೆ ಟಕ್,
ಆಚೆ ಮಗ್ಗುಲಿಗೆ ದೊಬ್.
ಕಲ್ಲಂಗಡಿ ತಟ್ಟಿ ಕೊಳ್ಳುವವರಿಗೆ ಗೊತ್ತು ಆ ಸದ್ದು.
'ಇದಕ್ಕೆ ನನ್ನ ಜೀವ ಕಟ್ಟಲಾರೆ' ಅಂದವಳೇ
ತನ್ನ ಹಗ್ಗ ಎಸೆದದ್ದು ಪಕ್ಕದ ಸಿಕಮೋರಿನ ಕವಲಿಗೆ.
ಸತ್ತವನ ಕೆಲಸಕ್ಕೆ ಬದುಕಿದವನ ಹೆಗಲು.

ನಾನು ಕೆಳಗೆ. ತುಂಡು ಇಳಿಸುವ ಹಗ್ಗದ ಈ ತುದಿ ನನ್ನದು.
ಬುಡಕ್ಕೆ ಬಿಗಿದ ಕಬ್ಬಿಣದ ಗೂಟ, ಅದಕ್ಕೆ ಎರಡು ಸುತ್ತು.
ಮೂರಲ್ಲ.

ಮೂರು ಸುತ್ತಿದ್ದೆ ಒಮ್ಮೆ, ಟುಲ್ಲಾದ ಬೀಚ್ ಮರಕ್ಕೆ.
ತುಂಡು ಬಿತ್ತು, ಹೆದರಿ ಹಿಡಿದೆ,
ಹಗ್ಗ ಗಕ್ಕನೆ ನಿಂತಿತು,
ಬಾಲ ತುಳಿಸಿಕೊಂಡ ಹಾವಿನ ಹಾಗೆ ಇಡೀ ಕಾಂಡ ಹೊಡೆದುಕೊಂಡಿತು
ಮೇಲೆ ಫಿಂಟಾನ್‌ನನ್ನು ಹೊತ್ತು.
ಪಕ್ಕೆಲುಬು ಎರಡು. ಬದುಕಿದ. ಮರ ಬಿಟ್ಟ.
ಈಗ ಎನ್ನಿಸ್ ಪೇಟೆಯಲ್ಲಿ ಬಸ್ ಓಡಿಸುತ್ತಾನೆ, ಕಂಡರೆ ಕೈಯೆತ್ತುತ್ತಾನೆ.
ನಾನೂ ಎತ್ತುತ್ತೇನೆ,
ಅದೇ ಕೈ.

'ಕೆಳಗೆ ಯಾರಿದ್ದಾರೆ?'
'ಯಾರೂ ಇಲ್ಲ.'
'ಸುರುಳಿಯೊಳಗೆ ನಿನ್ನ ಕಾಲು?'
ತೆಗೆದೆ.

ಮೇಲೆ ಗರಗಸ. ಬೀಳಬೇಕಾದ ಕಡೆಗೆ ಮೊದಲು ಒಂದು ಬಾಯಿ,
ಆಮೇಲೆ ಬೆನ್ನ ಕಡೆಯಿಂದ ಕೊಯ್ತ,
ನಡುವೆ ಎರಡು ಬೆರಳಗಲ ಉಳಿಸಿದ ಕೀಲು.
ಕೀಲಿದ್ದರೆ ಬಾಗಿಲು,
ಇಲ್ಲದಿದ್ದರೆ ಬರೀ ಹಲಗೆ, ಯಾರ ತಲೆಗೋ.
ಸತ್ತ ಮರದ ಕೀಲು ಹೇಳಿದ ಮಾತು ಕೇಳದು, ಬೇಗ ಮುರಿಯುತ್ತದೆ.
ಅದಕ್ಕೇ ತುಂಡು ಚಿಕ್ಕದು, ದಿನ ದೊಡ್ಡದು.

ಲಟಕ್.
'ಓಡಲಿ ಬಿಡು!'

ಬಿಟ್ಟೆ. ಹಗ್ಗ ಗೂಟ ಸುತ್ತಿ ಬುಸುಗುಟ್ಟಿ ಓಡಿತು,
ಕೈಗವಸು ಬೆಚ್ಚಗಾಯಿತು, ಬಿಸಿಯಾಯಿತು,
ಓಡು, ಓಡು, ಇನ್ನು ಸಾಕು, ಮೆಲ್ಲಗೆ,
ಮಲಗಿದ ಮಗುವಿನ ತಲೆಯಡಿಯಿಂದ ತೋಳು ಎಳೆದುಕೊಳ್ಳುವಷ್ಟು ಮೆಲ್ಲಗೆ.
ಗಾಜಿಗಿಂತ ಮೊಣಕಾಲೆತ್ತರ ಮೇಲೆ
ತೂಗಿ ನಿಂತಿತು ತುಂಡು.
ಹಿಡಿದು ಕಾಯುವುದು ಎಲ್ಲರಿಗೂ ಬರುತ್ತದೆ.

ಸಂಜೆಗೆ ಉಳಿದದ್ದು ಬುಡ.
ಪೆಗೀನ್ ಚಹಾ ತಂದಳು. ಅವಳ ಗಂಡ ಈ ಜಾತಿಯ ಮರದಲ್ಲೇ
ಹರ್ಲಿಂಗ್ ಆಟದ ಕೋಲು ಕೆತ್ತುತ್ತಿದ್ದನಂತೆ,
ಅರ್ಧ ಊರಿನ ಹುಡುಗರಿಗೆ.
'ಇದರಲ್ಲಿ ಒಂದು ಕೋಲಾದರೂ ಹೊರಟೀತೆ?'

ಸೊರ್ಖಾ ಏನೂ ಅನ್ನದೆ ಸುತ್ತಿಗೆ ಅವಳ ಕೈಗಿತ್ತಳು.
ಮುದುಕಿ ಬಗ್ಗಿ ತಟ್ಟಿದಳು, ಒಮ್ಮೆ.
ಇನ್ನೊಂದು ಕಡೆ, ಇನ್ನೊಮ್ಮೆ.

ನಾವಿಬ್ಬರೂ ಆಚೆ ತಿರುಗಿ
ಹಗ್ಗ ಸುತ್ತತೊಡಗಿದೆವು.