ಮೂರಕ್ಷರ

ಅವನು ಬರುವ ಮೊದಲೇ
ಊರ ತುಂಬ ಅವನ ಹೆಸರು ಬರೆದಿತ್ತು.
ಲಿಫ್ಟಿನೊಳಗೆ ಮೊಳೆಯಿಂದ ಗೀಚಿ,
ಬೇಲಿಯ ಹಲಗೆಗೆ ಡಾಂಬರಿನಲ್ಲಿ ಬಳಿದು,
ಶಾಲೆಯ ಹಿಂದೆ ಹೊಸ ಹಿಮದ ಮೇಲೆ
ಹುಡುಗರು ಸಾಲಾಗಿ ನಿಂತು
ಬಿಸಿಬಿಸಿಯಾಗಿ ಬರೆದದ್ದೂ ಉಂಟು.
ಮೂರೇ ಅಕ್ಷರ.
ನಾಲ್ಕಕ್ಷರ ಕಲಿತವರು
ಬಾಯಲ್ಲಿ ಆಡದ ಮೂರಕ್ಷರ.

ಎಂಬತ್ತೆಂಟರ ಚಳಿಗಾಲ.
ಇವಾನೊವೊದ ನೂಲಿನ ಗಿರಣಿಗೆ
ವಿಯೆಟ್ನಾಮಿನಿಂದ ಎರಡು ಬಸ್ಸು ಜನ,
ತೆಳ್ಳನೆ ಕೋಟು, ಕೈಯಲ್ಲಿ ಒಂದೊಂದು ಫ್ಲಾಸ್ಕು.
ನಾನು ತಂತಿ ಕಚೇರಿಯಲ್ಲಿ
ಟ್ರಂಕ್ ಕಾಲ್ ಕೂಗುವವಳು.
"ತಾಷ್ಕೆಂಟ್, ಎರಡನೇ ಬೂತ್! ರೀಗಾ, ಐದು!"
ನನ್ನ ಗಂಟಲಿಗೂ ಊರಲ್ಲೊಂದು ಹೆಸರಿತ್ತು.

ಅವನು ಚೀಟಿ ತುಂಬಿ ಕೊಟ್ಟ.
ಹಾಯ್‌ಫಾಂಗ್, ಮೂರು ನಿಮಿಷ.
ಹೆಸರಿನ ಜಾಗದಲ್ಲಿ
ಹೊಸದಾಗಿ ಕಲಿತ ನಮ್ಮ ಲಿಪಿಯ ದುಂಡು ಬರಹದಲ್ಲಿ
ಅದೇ.
ನನ್ನ ಕಿವಿ ಕೆಂಪೇರಿತು.
ತಲೆ ಎತ್ತಿ ನೋಡಿದರೆ ಕೀಟಲೆಯ ಗುರುತೇ ಇಲ್ಲ.

ಗಿರಣಿಯವರು ಆಗಲೇ ಅವನಿಗೆ ಕೋಲ್ಯ ಎಂದು ಹೆಸರಿಟ್ಟಿದ್ದರು.
ಪಾಸ್‌ಪೋರ್ಟಿನ ಹೆಂಗಸು
ಒಂದು ಸ್ವರ ತಿರುಚಿ, ಕೊನೆಗೊಂದು ಬಾಲ ಅಂಟಿಸಿ
ಯಾರದೂ ಅಲ್ಲದ ಹೆಸರೊಂದನ್ನು ಟೈಪು ಮಾಡಿದ್ದಳು.
"ಆದರೆ ಅಮ್ಮ ಕೇಳುವುದು ಇದನ್ನೇ," ಎಂದ,
ವಿಭಕ್ತಿಗಳನ್ನೆಲ್ಲ ತಪ್ಪಿಸುತ್ತ.
"ನಿಮ್ಮಲ್ಲಿ ಇದಕ್ಕೇನು ಅರ್ಥ?"
ಬೆಳಕು, ಎಂದ. ತಲೆಯ ಸುತ್ತ ಕೈ ಆಡಿಸಿ,
ತುಂಬ ಬೆಳಕು.
ಆಮೇಲೆ, ಸ್ವಲ್ಪ ತಡೆದು:
"ಬಂದ ಹೊಸತರಲ್ಲಿ ಎಷ್ಟು ಖುಷಿ!
ಯಾವ ಗೋಡೆ ನೋಡಿದರೂ ನಾನೇ.
ಒಂದು ವಾರ.
ಆಮೇಲೆ ಯಾರೋ ಹೇಳಿದರು."

ಮಾಮೂಲಾದರೆ ಊರಿನ ಹೆಸರು ಕೂಗಿದರೆ ಸಾಕು.
ಆ ಭಾನುವಾರ ಹಾಯ್‌ಫಾಂಗಿಗೆ ಇಬ್ಬರಿದ್ದರು.
ಹಾಲು ಭರ್ತಿ: ರಜೆಯ ಸಿಪಾಯಿಗಳು,
ಬಲೆಚೀಲದಲ್ಲಿ ಕೋಸು ಹಿಡಿದ ಮುದುಕಿ,
ಸೂರ್ಯಕಾಂತಿ ಬೀಜ ಉಗುಳುವ ಗಿರಣಿ ಹುಡುಗಿಯರು.
ಲೈನು ಬಂತು. ಹತ್ತು ಸೆಕೆಂಡು ಆಗಲೇ ಸೋರಿಹೋಯಿತು.
ಮೈಕಿನ ಗುಂಡಿ ಒತ್ತಿದೆ.
ಹಾಯ್‌ಫಾಂಗ್, ಮೂರನೇ ಬೂತ್...
ಕೋಲ್ಯ ಅನ್ನಬಹುದಿತ್ತು.
ಅನ್ನಲಿಲ್ಲ.

ಸಿಪಾಯಿಯೊಬ್ಬ ಬೆಂಚಿನಿಂದ ಜಾರಿಬಿದ್ದ.
ಮುದುಕಿ ಶಿಲುಬೆಯ ಗುರುತು ಹಾಕಿಕೊಂಡಳು,
ಹಾಕಿಕೊಳ್ಳುತ್ತಲೇ ನಕ್ಕಳು.
ಅವನು ಎದ್ದ. ಕಾಲರ್ ಸರಿಮಾಡಿಕೊಂಡ.
ಹೇಗೂ ನೆನೆದಾಯಿತು ಎಂದುಕೊಂಡವನು
ಮಳೆಯಲ್ಲಿ ನಡೆವಂತೆ ನಡೆದು
ಬೂತಿನ ಗಾಜಿನ ಬಾಗಿಲು ಎಳೆದುಕೊಂಡ.

ನನ್ನ ಕಿವಿಗೆ ಹೆಡ್‌ಫೋನು.
ಕೇಳಬಾರದು. ಕೇಳಿದೆ.
ಸಮುದ್ರ ದಾಟಿಸುವಷ್ಟು ಗಟ್ಟಿಯಾಗಿ ಒಬ್ಬ ತಾಯಿ:
"ಹ್ವೀ ಓಯ್! ಹ್ವೀ ಓಯ್!"
ಅಯ್ಯೋ, ಇದು ನಮ್ಮ ಪದವೇ ಅಲ್ಲವಲ್ಲ.
ನಾವು ಗಂಟಲಿಂದ ಕ್ಯಾಕರಿಸುವುದನ್ನು
ಅವಳು ಕೆಂಡ ಊದುವ ತುಟಿಯಿಂದ ಕರೆಯುತ್ತಿದ್ದಳು.
ತಂತಿಯ ಆ ತುದಿಯಿಂದ ಯಾರೋ
ಬೆಳಕು ಹುಯ್ದ ಹಾಗೆ.
ಮೂರು ನಿಮಿಷಕ್ಕೆ ಕಡಿಯಬೇಕಿತ್ತು.
ಐದಕ್ಕೆ ಕಡಿದೆ.

ಗಿರಣಿ ಮುಚ್ಚಿ ಅವರೆಲ್ಲ ಹೋಗಿ ಎಷ್ಟೋ ಕಾಲದ ಮೇಲೆ
ಇಲ್ಲೇ ಮದುವೆಯಾಗಿ ಉಳಿದ, ಸಂತೆಯಲ್ಲಿ ಚಪ್ಪಲಿ ಮಾರುವ ಥ್ವಾ
ನಗುನಗುತ್ತ ಹೇಳಿದಳು:
"ಜೋಯಾ ಅಂದರೆ ನಮ್ಮ ಕಿವಿಗೆ ಹುಳು ಅಂದ ಹಾಗೆ.
ಕೊಳೆತ ಮೀನಿನಲ್ಲಿ ಬಿಳಿ ಬಿಳಿ ಇರುತ್ತಲ್ಲ, ಅದು.
ನೀವು ಹೆಸರು ಹೇಳಿದಾಗಲೆಲ್ಲ ನಾವು ಹುಡುಗಿಯರು
ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿದ್ದೆವು."

ಮನೆಗೆ ಬಂದು ಲೆಕ್ಕ ಹಾಕಿದೆ.
ಹನ್ನೊಂದು ಭಾನುವಾರ ಬಂದಿದ್ದ.
ಹನ್ನೊಂದು ಸಲ, ಟೋಪಿ ತೆಗೆದು,
ಜೋಯಾ ಅರ್ಖಿಪೊವ್ನಾ, ನಮಸ್ಕಾರ.
ತುಟಿ ಒಮ್ಮೆಯೂ ಅದುರಿರಲಿಲ್ಲ.

ನಮ್ಮ ಲಿಫ್ಟಿನಲ್ಲಿ ಈಗಲೂ ಇದೆ,
ಹೊಸ ಬಣ್ಣದ ಮೇಲೆ ಹೊಸ ಗೀಚು.
ನಾಲ್ಕನೇ ಮಹಡಿಯ ಹುಡುಗನದೇ ಕೆಲಸ, ಗೊತ್ತು,
ಅವನ ಅಜ್ಜಿಗೆ ಹೇಳಬೇಕು.
ಬಲ್ಬು ಹೋಗಿ ತಿಂಗಳಾಯಿತು.
ಕತ್ತಲಲ್ಲಿ ತಡಕಿದರೆ ಬೆರಳಿಗೆ ಮೊದಲು ಅದೇ ಸಿಗುತ್ತದೆ.
ಅಲ್ಲಿಂದ ಎರಡು ಬೆರಳು ಎಡಕ್ಕೆ
ಏಳನೇ ಮಹಡಿಯ ಗುಂಡಿ.