ಗಳಿಸಿದೆ

ಕೆನಡಾದ ಗಿಮ್ಲಿಯಲ್ಲಿ ಸರೋವರ ಕಲ್ಲಾಗಿ ಬಿದ್ದಿತ್ತು.
ಬಾಲ್ಡೂರ್ ಸಿಗುರ್ಡ್‌ಸನ್‌ನ ನೆಲಮಾಳಿಗೆಯಲ್ಲಿ
ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ
ಒಂದು ಮೇಜು, ಒಂದು ಕುರ್ಚಿ, ಕೆಟಲು.
ಇದೇ ಕಂಪನಿ. ಹೆಸರಿಲ್ಲ, ಬರೀ ಏಳಂಕಿ.

ತೆರಿಗೆಯವಳು, ಓಲ್ಹಾ ಕೊವಾಲ್ಚುಕ್,
ಬೂಟು ಮೆಟ್ಟಿಲ ಬಳಿ ಬಿಟ್ಟು
ಉಣ್ಣೆಯ ಕಾಲುಚೀಲದಲ್ಲೇ ಇಳಿದು ಬಂದಳು.

"ಮ್ಯೂಚುವಲ್ ಫಂಡ್ ಮಾರಿದವರು ಯಾರು?"
"ಕಂಪನಿ."
"ವಿಧವೆ ಗುಡ್ರುನ್‌ಳ ಅಡುಗೆಮನೆಯಲ್ಲಿ ಕೂತು
ಮೂರು ಲೋಟ ಕಾಫಿ ಕುಡಿದದ್ದು?"
"ಅದು... ನಾನು."
"ಪರವಾನಗಿ ಯಾರ ಹೆಸರಲ್ಲಿದೆ?"
ಗೋಡೆ ನೋಡಿದ. ಅಲ್ಲೇ ತೂಗುತ್ತಿತ್ತು,
ಮೂವತ್ತು ವರ್ಷ ಹಿಂದಿನ ಮೀಸೆಯ ಸಮೇತ.

ಕಮಿಷನ್ನು ಬರುತ್ತಿದ್ದದ್ದು ಅವನ ಹೆಸರಿಗೆ.
ಮೇಜಿನ ಈ ಬದಿಯಿಂದ ಆ ಬದಿಗೆ ಅದನ್ನು ತಳ್ಳಿ
ಇದ್ದೊಂದು ಕುರ್ಚಿಯನ್ನೂ ಹೊತ್ತೊಯ್ದು ಅತ್ತ ಕೂತು
ರಸೀದಿಗೆ ಸಹಿ ಹಾಕುತ್ತಿದ್ದ.
ಅತ್ತ ಕೂತವನಿಗೆ ತೆರಿಗೆ ನೂರಕ್ಕೆ ಒಂಬತ್ತು,
ಇತ್ತ ಕೂತವನಿಗೆ ನಲವತ್ತರ ಮೇಲೆ.

ಪಾಪ, ಅವನಿಗೆ ನಮ್ಮ ನುಡಿ ಬಾರದು.
ಬಂದಿದ್ದರೆ ಒಂದೇ ಮಾತು ಬರೆದು
ಕೈ ತೊಳೆದುಕೊಳ್ಳುತ್ತಿದ್ದ: ಗಳಿಸಿದೆ.
ನಾನು ಗಳಿಸಿದೆ. ಕಂಪನಿ ಗಳಿಸಿದೆ.
ಕ್ರಿಯಾಪದ ಮಿಸುಕದೆ ಇಬ್ಬರ ಮಡಿಲಲ್ಲೂ ಕೂರುತ್ತದೆ.
ಅವರ ಮಾತಿನಲ್ಲಿ ಆ ಅನುಕೂಲವಿಲ್ಲ;
ಕರ್ತೃ ಮೊದಲೇ ಬಂದು ಎದುರು ನಿಲ್ಲುತ್ತಾನೆ,
ಮೀಸೆಯ ಸಮೇತ.

"ಕಂಪನಿ ಉಣ್ಣುವುದಿಲ್ಲ," ಅಂದ ಬಾಲ್ಡೂರ್ ಕೊನೆಗೆ,
"ಕೆಮ್ಮುವುದಿಲ್ಲ. ಹೋದ ವರ್ಷ ನಾನು
ಎದೆ ಹಿಡಿದು ಆಸ್ಪತ್ರೆ ಸೇರಿದಾಗ
ತಿಂಗಳ ಪಾಲು ತಪ್ಪದೆ ಅದರ ಖಾತೆಗೆ ಬಿತ್ತು.
ಮನೆಯಲ್ಲಿ ದುಡಿಯುತ್ತಿದ್ದದ್ದು ಅದೊಂದೇ."
ಬರೆದುಕೊಂಡಳು. ಅದಕ್ಕೆ ಕಾಲಂ ಇರಲಿಲ್ಲ;
ಅಂಚಿನಲ್ಲಿ ಬರೆದಳು.

ಆಮೇಲೆ ಖರ್ಚಿನ ಪಟ್ಟಿ ಹಿಡಿದು
ಕೆಂಪು ಗೀಟು ಎಳೆಯುತ್ತ ಹೋದಳು:
ಹಿಮ ಗೋರುವ ಸಲಿಕೆ, ಸ್ವಂತದ್ದು.
ಮೀನಿನ ಗಾಳ, ಸ್ವಂತದ್ದು. ನಕ್ಕಳು.
ಕಾರಿನ ಬ್ಯಾಟರಿ ಕೇಬಲ್ಲು ಒಂದು ಜೊತೆ, ಸ್ವಂತದ್ದು.
ಅವನು ಚಕಾರ ಎತ್ತಲಿಲ್ಲ.

ಐದಕ್ಕೇ ಕತ್ತಲು. ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ಸರ್ಕಾರದ ಕಾರು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.
ಕರೆಯದೆಯೇ ಹೊರಬಂದ ಬಾಲ್ಡೂರ್,
ತೋಳಲ್ಲಿ ಸುರುಳಿ, ಒಂದು ಕೆಂಪು, ಒಂದು ಕಪ್ಪು.
ಎರಡು ಬಾನೆಟ್ಟುಗಳ ನಡುವೆ ಬಗ್ಗಿ, ಹಲ್ಲು ಕಟಕಟಿಸುತ್ತ
"ಕೇಬಲ್ಲು ಕಂಪನಿಯದು," ಅಂದ, "ಚಳಿ ಮಾತ್ರ ನನ್ನದು."

ಹೆದ್ದಾರಿ ಸೇರುವ ಮೊದಲು ಅವಳು ನಿಲ್ಲಿಸಿ,
ಎಂಜಿನ್ ಆರಿಸದೆ, ಕಡತ ತೆರೆದಳು.
ಆ ಗೀಟಿನ ಮೇಲೆ ಪೆನ್ನು ಹಿಡಿದು
ಕೂತಳು ಸ್ವಲ್ಪ ಹೊತ್ತು.
ಶಾಯಿ ಹೆಪ್ಪುಗಟ್ಟಿತ್ತು.