ಖಣದ ತೂಕ

ಮುನ್ನೂರ ಹನ್ನೆರಡು ಫೋಟೋ ತೆಗೆದೀನಿ.
ಬೇಕಾದದ್ದು ಒಂಬತ್ತು.

ಗುಳೇದಗುಡ್ಡದ ಈ ಓಣಿಯೊಳಗ
ಮಧ್ಯಾಹ್ನ ಕರೆಂಟು ಹೋದರ ಪಾವರ್‌ಲೂಮು ಬಾಯಿ ಮುಚ್ಚತಾವ,
ಆಗ ಕೇಳಸ್ತದ ಬನ್ನೆವ್ವನ ಕುಣಿಮಗ್ಗ.
ಅದರ ಪಕ್ಕದ ಕಟ್ಟಿಮ್ಯಾಲ ನಾನು, ನನ್ನ ಲ್ಯಾಪ್‌ಟಾಪು,
ಇಪ್ಪತ್ತೆರಡು ಪರ್ಸೆಂಟು ಬ್ಯಾಟರಿ.

ಸೊಸೈಟಿಯ ಸೆಕ್ರೆಟರಿ ರಾಂಪೂರ ಅವರು ಹೇಳಿದ್ದು ಇಷ್ಟೇ:
ಚೆಂದ ಇರಬೇಕು, ಹಗುರ ಇರಬೇಕು,
ಕಮತಗಿ ದಾಟಿದ ಬಸ್ಸಿನ್ಯಾಗ ಕುಂತು ತೆಗೆದರೂ
ಕಣ್ಣು ಮಿಟುಕೂದರಾಗ ತೆರಕೋಬೇಕು.
ಚೆಂದ ಮತ್ತು ಹಗುರ
ಒಂದೇ ಮನಿಯ ಸೊಸೆಯಂದಿರು, ಹೊಂದಿಕೊಂಡಾರ ಅಂತ ತಿಳದಾರ ಅವರು.
ಅಡಗಿಮನಿ ಕಂಡಾಕಿ ನಾನು.

ಮೊದಲು ತೆಗೆದದ್ದು
ಬಾದಾಮಿಯ ಬಂಡೆ ಮುಂದ ನಿಂತ ಮಾಡೆಲ್ಲನ್ನ.
ಫೋಟೋ ತುಂಬ ಬಂಡೆ. ಖಣ ಹುಡುಕಬೇಕು.
ಆಮ್ಯಾಲ ಹಿತ್ತಾಳಿ ತಾಟು, ಸಮೆ, ಚೆಂಡುಹೂವು.
ಯಾರ ಪೂಜೆ ಇದು?
ಟ್ಯೂಬ್‌ಲೈಟಿನ ಕೆಳಗ ತೆಗೆದ ನಲವತ್ತು ಕೂಡೇ ಹೋದವು,
ಬನ್ನೆವ್ವ ಪರದೆಯ ಪಕ್ಕಕ್ಕ ಖಣ ಹಿಡದು ಅಂದಳು:
'ಇದು ಕುಂಕುಮ. ಅದು ಬಣ್ಣದ ಸೋಡಾ.'

ಉಳಿದದ್ದರೊಳಗ ಒಂದು, ನನಗ ಜೀವ.
ಹನ್ನೊಂದು ಎಂಬಿ.
ಎಂಬತ್ತಕ್ಕ ಇಳಿಸಿದೆ, ಏನೂ ಆಗಲಿಲ್ಲ.
ಅರವತ್ತು. ಆನಿಹೆಜ್ಜಿ ಇನ್ನೂ ಆನಿಯದೇ.
ನಲವತ್ತಕ್ಕ ಸೂಜಿಮಲ್ಲಿಗಿ ಅರ್ಧ ಉದುರಿತು,
ದಡಿಯ ಗುಂಟ ನೊಣ ಮುತ್ತಿದಂಗ ಕಪ್ಪು ಕಪ್ಪು.
ಅಗಲ ಕುಗ್ಗಿಸಿ ನೋಡಿದೆ.
ಒಡಲೊಳಗ ಅಲೆ ಎದ್ದವು,
ಕೆರೆಗೆ ಕಲ್ಲು ಬಿದ್ದಂಗ, ಸಾಲು ಸಾಲು.

ಬನ್ನೆವ್ವ ಕನ್ನಡಕ ಏರಿಸಿದಳು.
'ಇದನ್ಯಾರು ನೇದರು?'
ಯಾರೂ ನೇದಿಲ್ಲವ್ವ.
ನಿನ್ನ ಎಳಿ ಬಾಳ ಸಣ್ಣವು, ಇದರ ಚೌಕ ಬಾಳ ದೊಡ್ಡವು,
ಎರಡೂ ಕೂಡಿ ಸುಳ್ಳು ಹೇಳತಾವ.
'ಹಂಗಾದ್ರ ನನ್ನ ಹೆಸರಿಗಿ ಹಚ್ಚಬ್ಯಾಡ.'

ಆಮ್ಯಾಲ ಆಕಿ ಮಾತಾಡಲಿಲ್ಲ.
ಕೊಯ್ದಿಟ್ಟ ಖಣ ತೊಡಿಮ್ಯಾಲ ಹಾಕಿ ಮಡಚಿದಳು,
ಮೂಲೆಗೆ ಮೂಲೆ, ಮತ್ತೊಮ್ಮೆ ಮೂಲೆಗೆ,
ಅವರಜ್ಜಿ ಮಡಚಿದಂಗ, ಮುಮ್ಮೂಲಿ.
ಹೊರಗ ಉಳಿದದ್ದು ಒಂದು ದಡಿ, ಮೂರು ಸಾಲು ಹೂವು.
'ಅಂಗಡ್ಯಾಗ ಇಷ್ಟ ಕಾಣತೈತಿ.
ಉಳದದ್ದು ಬಿಚ್ಚಿದಾಕಿಗಿ.'

ಎರಡು ವಾರ ನಾನು ಓದಿದ್ದು ಇದನ್ನೇ ಇತ್ತೇನೊ,
ಇಷ್ಟು ಉದ್ದ ಮಾಡಿ.

ಮರುದಿನ ಹತ್ತಕ್ಕ, ಕಿಡಕಿಯ ಬೆಳಕಿಗಿ,
ಮಡಿಚಿದ್ದನ್ನೇ ಹತ್ತಿರದಿಂದ ತೆಗೆದೆ.
ಹಿಂದ ಬರೇ ಸುಣ್ಣದ ಗ್ವಾಡಿ.
ಎಂಬತ್ತನಾಕು ಕೆಬಿ. ಅಲೆ ಅಡಗಿದ್ದವು.
ಬಿಚ್ಚಿದ ದೊಡ್ಡ ಚಿತ್ರ ಒಳಗಿಟ್ಟೆ,
ಬೆರಳು ಮುಟ್ಟಿಸಿದಾಕಿಗಿ.

ಕಡೀಕ ಒಂದು ಖಾಲಿ ಡಬ್ಬಿ ಉಳೀತು:
ಚಿತ್ರ ಕಾಣದವರಿಗೆ ವಿವರ.
'ಕೆಂಪು ಖಣ' ಅಂತ ಬರದೆ.
ಅಳಿಸಿದೆ.
ಕಂಡಕಿ ಸುತ್ತೂ ಯಮನೂರಸಾಬ ಮೂಲ್ಯಾಗ ಕುಂತಿದ್ದ,
ಒಂಬತ್ತು ವರ್ಷಾತು, ಅವನಿಗೆ ಹಗಲು ರಾತ್ರಿ ಒಂದೇ.
ಖಣ ಅವನ ಕೈಯಾಗ ಕೊಟ್ಟೆ.
ಹೆಬ್ಬೆರಳು ದಡಿಗುಂಟ ನಡೀತು, ನಿಂತಿತು, ಹಿಂದಕ್ಕ ಬಂತು.

'ದಡಿ ಎರಡು ಬೆರಳು, ರೇಷ್ಮಿ.
ಹೂವು ಅಕ್ಕಿಕಾಳಿನಷ್ಟು, ಒತ್ತೊತ್ತಾಗಿ.
ಬಣ್ಣ ನೀವ ಹೇಳ್ಕೊಳ್ರಿ.
ಎಡದಂಡಿಗಿ ಒಂದು ಎಳಿ ತಪ್ಪೇತಿ, ಅದನ್ನೂ ಬರಕೋ.'

ಮಗ್ಗ ನಿಂತಿತು.

ಎಂಬತ್ತನಾಕರ ಚಿತ್ರದಾಗ ಹುಡುಕಿದೆ, ಇರಲಿಲ್ಲ.
ಹನ್ನೊಂದು ಎಂಬಿಯದನ್ನ ತೆಗೆದು ಹಿಗ್ಗಿಸಿದೆ, ಮತ್ತೂ ಹಿಗ್ಗಿಸಿದೆ,
ಅಲ್ಲಿತ್ತು,
ಹಲ್ಲು ಬಿದ್ದ ಕೂಸಿನ ಬಾಯಿಯಂಗ ಅಷ್ಟ ಜಾಗ.

ಬನ್ನೆವ್ವನ ಮುಖ ನೋಡಿದೆ.
ಆಕಿ ಲಾಳಿ ಕೈಯಾಗ ತಿರುವಿಕೋತ,
'ಕಂಡವರಿಗಿ ಕಾಣಲಾರದ್ದು,' ಅಂದಳು,
'ಕಾಣದವರಿಗಿ ಯಾಕ ಮುಚ್ಚಬೇಕು? ಬರಿ.'

ಅವನು ಹೇಳಿದಷ್ಟೂ ಟೈಪ್ ಮಾಡಿದೆ, ಎಳಿ ಸಮೇತ.
ಮತ್ತ ತೂಗಿ ನೋಡಿದೆ ಆ ಪುಟವನ್ನ.
ಏರಿದ್ದೇನೂ ಇಲ್ಲ.